ನಾಲ್ಕನೆಯ ತೇಪೆ

ಭೈರವಾನಿತಿಪ್ಪದಿಂದ ವಾಚಕ ಬಂಧುಗಳೊಬ್ಬರು ಎರಡು ಪುಟದ ಪತ್ರ ಬರೆದು ಸಲಹೆ ಕೇಳಿದ್ದಾರೆ. ಹೆಸರು ಹಾಕಬೇಡಿರೆಂದು ಕೋರಿರುವುದರಿಂದ ಬಿಟ್ಟಿದ್ದೇವೆ. ವಿಷಯ ಇಷ್ಟು. ಅವರ ತೀರ್ಥರೂಪರು 1984ರಲ್ಲಿ, ವರ್ಷಗಟ್ಟಲೆ ಸರದಿ ಕಾದು, ಒಂದು ಪ್ರೀಮಿಯರ್ ಪದ್ಮಿನಿ ಕಾರನ್ನು ಮನೆಗೆ ತಂದರು. ತೀರ್ಥರೂಪರು ಈಗ ಇಲ್ಲ, ಕಾರು ಇದೆ. ಕಡಲೆಕಾಯಿ ವ್ಯಾಪಾರದ ಮನೆ. ಸುಗ್ಗಿಯ ದಿನಗಳಲ್ಲಿ ಹಗರಿ ದಂಡೆಯ ಹಳ್ಳಿಗಳಿಗೆ ಹೋಗಿ ಮಾಲು ನೋಡಿ ಬರುವುದು, ಮೂರು ಕಿಲೋಮೀಟರು ಓಡಿ ನಿಲ್ಲಿಸುವುದು, ಮತ್ತೆ ಎರಡು ಕಿಲೋಮೀಟರು. ತಿಂಗಳಿಗೊಮ್ಮೆ ಮಗಳನ್ನು ಕೊಟ್ಟಿರುವ ಮಡಕಶಿರಾಕ್ಕೆ ಮನೆಮಂದಿಯೆಲ್ಲ ಹೋಗಿಬರುವುದು. ಕಾರಿನ ಸೈಲೆನ್ಸರು ಮೂರು ವರ್ಷದಲ್ಲಿ ಮೂರು ಸಲ ತೂತಾಗಿ, ಮೂರು ಸಲವೂ ರಾಯದುರ್ಗದಲ್ಲಿ ವೆಲ್ಡಿಂಗ್ ಮಾಡಿಸಿದ್ದಾರೆ. ಈಗ ಮತ್ತೆ ಟ್ರ್ಯಾಕ್ಟರಿನಂತೆ ಸದ್ದು. ನಾಲ್ಕನೆಯ ತೇಪೆ ಹಾಕಿಸುವುದೋ, ಎಲ್ಲವನ್ನೂ ಹೊಸದಾಗಿ ಹಾಕಿಸುವುದೋ, ಅಥವಾ ಮಗ ಹೇಳುವ ಹಾಗೆ ಗಾಡಿಯನ್ನೇ ಗುಜರಿಗೆ ಕೊಡುವುದೋ ಎಂಬುದು ಪ್ರಶ್ನೆ.

ಪತ್ರದ ಕಡೆಯಲ್ಲಿ, ಸಹಿಗೆ ಸ್ವಲ್ಪ ಮೇಲೆ, ಇನ್ನೊಂದು ಮಾತಿದೆ. ಮಡಕಶಿರಾಕ್ಕೆ ಹೋಗುವಾಗಲೆಲ್ಲ ಹಿಂದಿನ ಸೀಟಿನಲ್ಲಿ ಕೂತ ಮೊಮ್ಮಕ್ಕಳಿಗೆ ತಲೆನೋವು, ವಾಂತಿ, ಮಂಪರು; ರಸ್ತೆ ಸರಿಯಿಲ್ಲ ಎಂದು ಬರೆದಿದ್ದಾರೆ. ಮಿಕ್ಕ ಎಲ್ಲವನ್ನೂ ಬದಿಗಿಟ್ಟು ನಾವು ಈ ಮಾತಿಗೇ ಮೊದಲು ಉತ್ತರ ಕೊಡುತ್ತೇವೆ. ಕೊಳವೆ ರಿಪೇರಿಯಾಗುವ ತನಕ ಆ ಕಾರಿನಲ್ಲಿ ಯಾರೂ ಕೂರಬಾರದು, ಮಕ್ಕಳಂತೂ ಒಂದು ಫರ್ಲಾಂಗು ದೂರಕ್ಕೂ ಬೇಡ. ಸಂಚಿಕೆ ಅಚ್ಚಾಗುವ ತನಕ ಕಾಯದೆ ಇದನ್ನು ಅವರಿಗೆ ಫೋನಿನಲ್ಲಿಯೇ ತಿಳಿಸಿದ್ದೇವೆ. ಆಗ ಇನ್ನೂ ಒಂದು ಸಂಗತಿ ಗೊತ್ತಾಯಿತು. ಮಡಕಶಿರಾ ತಲುಪಿ ಪಡಸಾಲೆಯಲ್ಲಿ ಎರಡು ತಾಸು ಆಡಿದರೆ ಮಕ್ಕಳು ಸರಿಹೋಗುತ್ತಾರಂತೆ. ಬಸ್ಸಿನಲ್ಲಿ ಅದೇ ದಾರಿಯಲ್ಲಿ ಹೋದಾಗ ಏನೂ ಆಗುವುದಿಲ್ಲವಂತೆ.

ರಸ್ತೆಯ ತಿರುವುಗಳಿಂದ ಮಕ್ಕಳಿಗೆ ವಾಂತಿಯಾಗುವುದಿಲ್ಲವೆಂದು ನಾವು ಹೇಳುತ್ತಿಲ್ಲ. ಆದರೆ ಕೊಳವೆ ಒಡೆದ ಗಾಡಿ, ಹಿಂದೆ ಕೂತವರಿಗೆ ಮಾತ್ರ ತೊಂದರೆ, ಹೊರಗಾಳಿಗೆ ಬಂದರೆ ಗುಣ, ಇಷ್ಟೂ ಸೇರಿದ ಮೇಲೆ ರಸ್ತೆಯನ್ನು ದೂರಿ ಸುಮ್ಮನಿರುವಂತಿಲ್ಲ. ಪೆಟ್ರೋಲು ಪೂರ್ತಿ ಉರಿಯದಿದ್ದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಮೂಗು ಉರಿಯುವುದೂ ಇಲ್ಲ. ಹೊಗೆಯ ವಾಸನೆ ಬರುತ್ತಿಲ್ಲವಲ್ಲ ಎಂದು ಧೈರ್ಯವಾಗಿರುವವರು ಇಲ್ಲಿಯೇ ಮೋಸಹೋಗುತ್ತಾರೆ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಉಸಿರು ಆಡುತ್ತಿರುತ್ತದೆ, ಆದರೆ ಮೈಗೆ ಆಮ್ಲಜನಕ ಮುಟ್ಟುವುದಿಲ್ಲ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ನಿದ್ದೆ. ಪ್ರಯಾಣದಲ್ಲಿ ಮಕ್ಕಳು ನಿದ್ದೆಹೋದರೆ ತಾಯಂದಿರಿಗೆ ಸಮಾಧಾನ. ಕೊಳವೆ ಒಡೆದ ಕಾರಿನಲ್ಲಿ ಆ ನಿದ್ದೆಯಿಂದ ಏಳದೆ ಹೋದವರಿದ್ದಾರೆ. ಗರ್ಭಿಣಿಯರಿಗೂ ಹೊಟ್ಟೆಯೊಳಗಿನ ಶಿಶುವಿಗೂ ಅಪಾಯ ಇನ್ನೂ ಹೆಚ್ಚು.

ಪ್ರಮಾಣವನ್ನು ಲೆಕ್ಕದಲ್ಲಿ ಹೇಳಿದರೆ ನಮ್ಮ ವ್ಯಾಪಾರಿ ಬಂಧುಗಳಿಗೆ ಬೇಗ ತಿಳಿದೀತು. ಈ ಕಾಲದ ಹಳೆಯ ಕಾರುಗಳಿಗೆ ಹೊಗೆ ತಪಾಸಣೆಯಲ್ಲಿ ಇಟ್ಟಿರುವ ಮಿತಿ ಶೇಕಡ 3ರಷ್ಟು ಕಾರ್ಬನ್ ಮಾನಾಕ್ಸೈಡ್. ಅಂದರೆ ತಪಾಸಣೆಯಲ್ಲಿ ಪಾಸಾದ ಗಾಡಿಯ ಹೊಗೆಯಲ್ಲಿಯೂ ಹತ್ತು ಲಕ್ಷಕ್ಕೆ 30,000 ಭಾಗ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯವರು ಮನೆಯೊಳಗಿನ ಗಾಳಿಗೆ, ಒಂದು ಗಂಟೆಯ ಅವಧಿಗೆ, ಹೇಳಿರುವ ಮಿತಿ ಹತ್ತು ಲಕ್ಷಕ್ಕೆ ಸುಮಾರು 30 ಭಾಗ. ನಡುವೆ ಸಾವಿರ ಪಟ್ಟು ಅಂತರ. ಸಾವಿರದಲ್ಲಿ ಒಂದು ಪಾಲು ಹೊಗೆ ಒಳಗೆ ನುಗ್ಗಿದರೂ ಮಿತಿ ಮುಟ್ಟಿತು.

ಮುಂದೆ ಕೂತು ಗಾಡಿ ಓಡಿಸುವವರಿಗೆ ಏನೂ ಆಗದೆ ಹಿಂದಿನವರಿಗೆ ಮಾತ್ರ ಏಕೆ ಎಂದು ಫೋನಿನಲ್ಲಿ ಕೇಳಿದರು. ಪದ್ಮಿನಿಗೆ ಲಾರಿಯಂತೆ ಬೇರೆ ಛಾಸಿ ಇಲ್ಲ, ಮೈಯೇ ಛಾಸಿ. ಕಾಲಡಿಯ ತಗಡಿನ ಕೆಳಗೇ ಹೊಗೆಯ ಕೊಳವೆ ಹಿಂದಕ್ಕೆ ಹೋಗುತ್ತದೆ. ನಲವತ್ತು ವರ್ಷದ ತಗಡಿನಲ್ಲಿ, ರಬ್ಬರು ಮ್ಯಾಟಿನ ಅಡಿಯಲ್ಲಿ, ಎಲ್ಲೋ ಒಂದು ಕಡೆ ತುಕ್ಕು ತಿಂದ ತೂತು ಇದ್ದೇ ಇರುತ್ತದೆ. ಓಡಿಸುವವರ ಪಕ್ಕದ ಕಿಟಕಿ ತೆರೆದಿರುತ್ತದೆ, ಅವರಿಗೆ ಹೊರಗಾಳಿ ಸಿಗುತ್ತದೆ. ಇನ್ನೊಂದು ವಿಷಯವನ್ನು ನಮ್ಮ ಮನೆಗಳಲ್ಲಿ ಬಹಳ ಜನ ಅರಿಯರು. ಓಡುವ ಕಾರಿನ ಬೆನ್ನಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಹೊಗೆ ಅಲ್ಲಿಯೇ ಸುಳಿಯುತ್ತಿರುತ್ತದೆ. ಚೀಲಗಳನ್ನು ತುಂಬಿ, ಡಿಕ್ಕಿಯ ಮುಚ್ಚಳ ಹಾಕಲಾಗದೆ, ಹಗ್ಗ ಬಿಗಿದು ಅರ್ಧ ತೆರೆದುಕೊಂಡೇ ಬರುವುದು ಸುಗ್ಗಿಯಲ್ಲಿ ಸಾಮಾನ್ಯವಾದ ನೋಟ. ಡಿಕ್ಕಿಗೂ ಹಿಂದಿನ ಸೀಟಿಗೂ ನಡುವೆ ಗಾಳಿ ತಡೆಯುವ ಗೋಡೆಯಿಲ್ಲ. ಆ ಹೊಗೆ ನೆಟ್ಟಗೆ ಸೀಟಿನ ಸಂದಿಯಿಂದ ಒಳಬರುತ್ತದೆ. ಕೊಳವೆ ಹೊಸದಾಗಿದ್ದರೂ ಡಿಕ್ಕಿ ತೆರೆದು ಓಡಿಸಕೂಡದು.

ಹೀಗೆ ಯಾರಿಗಾದರೂ ಆದರೆ ಗಾಡಿ ನಿಲ್ಲಿಸಿ ಹೊರಗಿಳಿಸಿ, ಆಸ್ಪತ್ರೆಗೆ ಕರೆದೊಯ್ದು, ಕಾರಿನ ಹೊಗೆ ಕುಡಿದಿದ್ದಾರೆಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಕೊರೊನಾ ಕಾಲದಲ್ಲಿ ಮನೆಮನೆಗೆ ಬಂದ, ಬೆರಳಿಗೆ ಸಿಕ್ಕಿಸುವ ಯಂತ್ರವನ್ನು ನಂಬಬೇಡಿ. ಅದು ಈ ಅನಿಲ ಕಚ್ಚಿಕೊಂಡ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವೆಂದೇ ಎಣಿಸಿ 98, 99 ಎಂದು ತೋರಿಸುತ್ತದೆ. ರಕ್ತದಲ್ಲಿ ಸೇರಿದ ಅನಿಲ ಬರಿಯ ಗಾಳಿಯಲ್ಲಿ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಆಸ್ಪತ್ರೆಯ ಆಮ್ಲಜನಕದಲ್ಲಿ ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ.

ಇನ್ನು ಬಂಧುಗಳು ಕೇಳಿದ ಪ್ರಶ್ನೆಗೆ ಬರೋಣ. ಅವರ ಪತ್ರದಲ್ಲಿ ಒಂದು ಅಚ್ಚರಿಯ ಮಾತಿದೆ. ಸಮುದ್ರದಂಡೆಯ ಊರುಗಳಲ್ಲಿ ತುಕ್ಕು ಹಿಡಿದರೆ ನ್ಯಾಯ, ನಮ್ಮ ಸೀಮೆಯಲ್ಲಿ ಮಳೆಯೇ ಇಲ್ಲವಲ್ಲ ಎನ್ನುತ್ತಾರೆ. ನಿಜ, ಅನಂತಪುರ ಸೀಮೆಗೆ ವರ್ಷಕ್ಕೆ ಬೀಳುವುದು ಸುಮಾರು 550 ಮಿಲಿಮೀಟರ್ ಮಳೆ. ವೇದಾವತಿಗೆ ಅಡ್ಡವಾಗಿ ಕಟ್ಟಿದ ಭೈರವಾನಿತಿಪ್ಪದ ಜಲಾಶಯ ನೀರಿಗಾಗಿ ಬಾಯ್ದೆರೆದುಕೊಂಡ ವರ್ಷಗಳೇ ಹೆಚ್ಚು. ಆದರೆ ಸೈಲೆನ್ಸರನ್ನು ತಿನ್ನುವ ನೀರು ಆಕಾಶದಿಂದ ಬರುವುದಲ್ಲ, ಪೆಟ್ರೋಲಿನಿಂದ ಬರುವುದು. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಡುತ್ತದೆ. ಗಾಡಿ ದೂರ ಓಡಿ ಸೈಲೆನ್ಸರು ಚೆನ್ನಾಗಿ ಕಾದರೆ ಆ ಆವಿ ಹಾಗೆಯೇ ಹೊರಟುಹೋಗುತ್ತದೆ. ಮೂರು ಕಿಲೋಮೀಟರು ಓಡಿ ನಿಲ್ಲಿಸಿದರೆ ತಣ್ಣಗಿನ ಡಬ್ಬಿಯೊಳಗೆ ಆವಿ ನೀರಾಗಿ ನಿಂತು, ಹೊಗೆಯ ಆಮ್ಲಗಳೊಂದಿಗೆ ಸೇರಿ, ತಗಡನ್ನು ಒಳಗಿನಿಂದ ಕೊರೆಯುತ್ತದೆ. ಬೆಳಗ್ಗೆ ಗಾಡಿ ಚಾಲು ಮಾಡಿದಾಗ ಬಾಲದ ಪೈಪಿನಿಂದ ಹನಿ ಬೀಳುವುದನ್ನು ಎಲ್ಲರೂ ನೋಡಿಯೇ ಇದ್ದೀರಿ. ಹಾಗಾಗಿ ಹಳ್ಳಿಯಿಂದ ಹಳ್ಳಿಗೆ ಮಾಲು ನೋಡುತ್ತ ತಿರುಗುವ ಗಾಡಿಯ ಸೈಲೆನ್ಸರು, ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿಬರುವ ಗಾಡಿಯದಕ್ಕಿಂತ ಮೊದಲು ಸಾಯುತ್ತದೆ.

ತೇಪೆ ನಿಲ್ಲದಿರುವುದಕ್ಕೂ ಇದೇ ಕಾರಣ. ಹೊರಗೆ ಒಂದು ತೂತು ಕಾಣಿಸುವ ಹೊತ್ತಿಗೆ ಸುತ್ತಲಿನ ತಗಡು ಒಳಗಿನಿಂದ ಕಾಗದದಷ್ಟು ತೆಳ್ಳಗಾಗಿರುತ್ತದೆ. ವೆಲ್ಡಿಂಗ್ ಕಡ್ಡಿ ತಗಲಿದರೆ ಅಂಚು ಉರಿದು ತೂತು ದೊಡ್ಡದಾಗುತ್ತದೆ. ಅದರ ಮೇಲೆ ದಪ್ಪ ತಗಡು ಕೂರಿಸಿದರೆ ಪಕ್ಕದ ತೆಳು ತಗಡು ಬಿರಿಯುತ್ತದೆ. ಇದರಲ್ಲಿ ವೆಲ್ಡಿಂಗ್ ಮಾಡುವವರ ತಪ್ಪೇನೂ ಇಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಎಷ್ಟೋ ಸೈಲೆನ್ಸರುಗಳ ತಳದಲ್ಲಿ ನೀರು ಸೋರಿಹೋಗಲೆಂದು ತಯಾರಕರೇ ಒಂದು ಸಣ್ಣ ರಂಧ್ರ ಇಟ್ಟಿರುತ್ತಾರೆ. ಅದನ್ನು ತೂತೆಂದು ತಿಳಿದು ಮುಚ್ಚಿಸಿದರೆ ನೀರಿಗೆ ಹೊರದಾರಿಯೇ ಇರುವುದಿಲ್ಲ. ಮೂರು ತೇಪೆಯ ಕೂಲಿ, ಮೂರು ದಿನ ಗಾಡಿ ನಿಂತ ನಷ್ಟ, ಎರಡನ್ನೂ ರೋಕಡಿ ಪುಸ್ತಕದಲ್ಲಿ ಕೂಡಿಸಿ ನೋಡಿದರೆ ಹೊಸದರ ಬೆಲೆ ಅಷ್ಟು ದೊಡ್ಡದಾಗಿ ಕಾಣಲಾರದು. ನಾಲ್ಕನೆಯ ತೇಪೆ ಖಂಡಿತ ಬೇಡ.

ಮಗನ ಮಾತಿಗೂ ಉತ್ತರ ಕೊಡಬೇಕು. ಗುಜರಿಗೆ ಕೊಡುವಂಥ ದೋಷ ಪತ್ರದಲ್ಲಿ ನಮಗೆ ಕಾಣಲಿಲ್ಲ. ಇಂಜಿನ್ನು ಚೆನ್ನಾಗಿದೆಯೆಂದು ಅವರೇ ಬರೆದಿದ್ದಾರೆ. 1089 ಸಿಸಿಯ ಸರಳವಾದ ಇಂಜಿನ್ನು, ಹಳ್ಳಿಯ ಮೆಕ್ಯಾನಿಕರ ಕೈಗೂ ಒಗ್ಗುವಂಥದು. ಈ ಗಾಡಿಗೂ ನಮ್ಮ ವಾಚಕರಿಗೂ ಒಂದು ನಂಟಿದೆ. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದ ಸೇಠ್ ವಾಲಚಂದ್ ಹೀರಾಚಂದರು (1882–1953) ಸೊಲ್ಲಾಪುರದ ಜೈನ ವ್ಯಾಪಾರಿ ಮನೆತನದವರು. 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭಿಸಿದವರೂ ಅವರೇ. ಇಟಲಿಯ ಫಿಯಟ್ ಕಂಪೆನಿಯ ಪರವಾನಗಿ ಪಡೆದು ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯಟ್ 1100 ಕಾರಿಗೇ ಎಪ್ಪತ್ತರ ದಶಕದಲ್ಲಿ ಪದ್ಮಿನಿ ಎಂದು ಹೆಸರಾಯಿತು. ತಯಾರಿಕೆ ನಿಂತು ಕಾಲು ಶತಮಾನವಾಯಿತು, ಮುಂಬಯಿಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರಿನಲ್ಲಿ ಕೊನೆಗೊಂಡವು. ಆದರೂ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹುಡುಕಿದರೆ ಬಿಡಿಭಾಗಗಳು ಸಿಗುತ್ತವೆ, ಸಿಗದಿದ್ದರೆ ಹಳೆಯದನ್ನು ಮಾದರಿಯಾಗಿ ಕೊಟ್ಟು ಮಾಡಿಸಿಕೊಳ್ಳಬಹುದು. ಸಾಧ್ಯವಾದರೆ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಸಿ ಎಂಬುದು ನಮ್ಮ ಅಭಿಪ್ರಾಯ. ಬೆಲೆ ಜಾಸ್ತಿ, ಆದರೆ ಕೂಲಿ ಎರಡಕ್ಕೂ ಒಂದೇ, ಮತ್ತು ನಿಮ್ಮಂಥ ಮೂರು ಕಿಲೋಮೀಟರಿನ ಓಡಾಟಕ್ಕೆ ಅದೇ ತಾಳಿಕೊಳ್ಳುವುದು.

ಹೊಸದು ಎಂದರೆ ಡಬ್ಬಿಯೊಂದೇ ಅಲ್ಲ. ಇಂಜಿನ್ನಿನ ಮ್ಯಾನಿಫೋಲ್ಡಿಗೆ ಕೂರುವ ಗ್ಯಾಸ್ಕೆಟ್ಟು, ಮುಂದಿನ ಪೈಪು, ಸೈಲೆನ್ಸರು, ಬಾಲದ ಪೈಪು, ಕ್ಲಾಂಪುಗಳು, ತೂಗುಹಾಕುವ ರಬ್ಬರುಗಳು, ಎಲ್ಲವೂ ಒಟ್ಟಿಗೆ ಬರಬೇಕು. ಹೊಸ ಡಬ್ಬಿಯನ್ನು ಹಳೆಯ ಪೈಪಿಗೆ ಸಿಕ್ಕಿಸಿದರೆ ಆರು ತಿಂಗಳಲ್ಲಿ ಕೀಲಿನಲ್ಲಿ ಸೋರುತ್ತದೆ, ಮತ್ತೆ ಅದೇ ಕಥೆ. ಅದರಲ್ಲಿಯೂ ಮುಂದಿನ ಕೀಲಿನ ಸೋರಿಕೆ ಬಹಳ ಕೆಟ್ಟದ್ದು, ಏಕೆಂದರೆ ಪೆಡಲು ಮತ್ತು ಸ್ಟಿಯರಿಂಗ್ ಹಾಯುವ ರಂಧ್ರಗಳು ಅದರ ಹತ್ತಿರವೇ ಇರುತ್ತವೆ.

ಕೆಲಸದ ವೇಳೆ ಮನೆಯವರೊಬ್ಬರು ಗ್ಯಾರೇಜಿನಲ್ಲಿ ನಿಂತು ನೋಡುವುದು ಒಳ್ಳೆಯದು. ಗಾಡಿ ತಣ್ಣಗಿರಬೇಕು. ಗುಂಡಿಯಿರುವ ಗ್ಯಾರೇಜಾದರೆ ಸರಿ. ಇಲ್ಲದಿದ್ದರೆ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಬರಿಯ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಹುಡುಗನನ್ನು ಮಲಗಿಸುವ ಗ್ಯಾರೇಜಾದರೆ ಗಾಡಿ ವಾಪಸು ತೆಗೆದುಕೊಂಡು ಬನ್ನಿ. ಮ್ಯಾನಿಫೋಲ್ಡಿನ ನಟ್ಟುಗಳು ನಲವತ್ತು ವರ್ಷದ ಶಾಖಕ್ಕೆ ಸ್ಟಡ್ಡಿಗೆ ಕಚ್ಚಿಕೊಂಡಿರುತ್ತವೆ. ಅವಸರದಲ್ಲಿ ಸ್ಪ್ಯಾನರು ಹಾಕಿ ಎಳೆದರೆ ಸ್ಟಡ್ಡು ಮುರಿಯುತ್ತದೆ, ಒಂದು ದಿನದ ಕೆಲಸ ನಾಲ್ಕು ದಿನಕ್ಕೆ ಬೆಳೆಯುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯೆಲ್ಲ ನೆನೆಸಿ, ಬೆಳಗ್ಗೆ ಕೂದಲೆಳೆಯಷ್ಟು ಬಿಗಿಮಾಡುವ ಕಡೆಗೆ ತಿರುಗಿಸಿ ಆಮೇಲೆ ಸಡಿಲಿಸಿದರೆ ಎಷ್ಟೋ ಸಲ ಬಿಟ್ಟುಕೊಡುತ್ತವೆ. ಮತ್ತೆ ಹಾಕುವಾಗ ಹಿತ್ತಾಳೆಯ ನಟ್ಟು ಹಾಕಿಸಿ, ಅದು ಕಚ್ಚಿಕೊಳ್ಳುವುದಿಲ್ಲ. ಹಳೆಯ ಪೈಪನ್ನು ಉಳಿಸುವ ಗೋಜಿಗೆ ಹೋಗದೆ ಗರಗಸದಲ್ಲಿ ಕುಯ್ದು ಇಳಿಸಲಿ. ಪೆಟ್ರೋಲ್ ಟ್ಯಾಂಕಿರುವ ಹಿಂಭಾಗದಲ್ಲಿ ಗ್ಯಾಸ್ ಬೆಂಕಿ ಹಿಡಿಯಕೂಡದು.

ಹೊಸದನ್ನು ಜೋಡಿಸುವಾಗ ಎಲ್ಲ ಕೀಲುಗಳನ್ನೂ ಮೊದಲು ಸಡಿಲವಾಗಿ ಸೇರಿಸಿ, ಪೈಪು ಎಲ್ಲಿಯೂ ತಗಡಿಗಾಗಲಿ ಹಿಂದಿನ ಆಕ್ಸಲಿಗಾಗಲಿ ತಾಗದಂತೆ ಹೊಂದಿಸಿ, ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಯುತ್ತ ಬರಬೇಕು. ಗಾಡಿಯಲ್ಲಿ ನಾಲ್ಕು ಜನ ಕೂತಾಗ ಹಿಂಭಾಗ ಕುಸಿಯುತ್ತದೆ, ಅದಕ್ಕೂ ಜಾಗ ಉಳಿದಿರಬೇಕು. ಕಡಲೆಕಾಯಿ ಚೀಲ ತುಂಬುವ ಗಾಡಿಯಲ್ಲಿ ಇದನ್ನು ಮರೆಯುವಂತಿಲ್ಲ.

ತೂಗುಹಾಕುವ ರಬ್ಬರಿನ ವಿಚಾರ ಸಣ್ಣದಾಗಿ ಕಂಡರೂ ಇವರ ಗಾಡಿಯ ಮೂಲ ರೋಗ ಅಲ್ಲಿಯೂ ಇರಬಹುದೆಂದು ನಮ್ಮ ಅನುಮಾನ. ರಬ್ಬರು ಹರಿದುಹೋದ ಮೇಲೆ ಕಬ್ಬಿಣದ ತಂತಿಯಿಂದ ಸೈಲೆನ್ಸರನ್ನು ಬಿಗಿದು ಕಟ್ಟಿದ್ದಾರೆಂದು ಪತ್ರದಲ್ಲಿದೆ. ಇಂಜಿನ್ನು ರಬ್ಬರಿನ ಮೇಲೆ ಕೂತಿದೆ. ಚಾಲು ಮಾಡಿದಾಗ, ಗೇರು ಬದಲಿಸಿದಾಗ ಅದು ಅತ್ತಿತ್ತ ಅಲುಗುತ್ತದೆ. ಅದರ ಜೊತೆ ಪೈಪೂ ಅಲುಗಬೇಕು. ಹಿಂದಿನ ತುದಿಯನ್ನು ತಂತಿಯಿಂದ ಬಿಗಿದರೆ ಅಲುಗಾಟವೆಲ್ಲ ಮುಂದಿನ ಪೈಪಿನ ಕುತ್ತಿಗೆಗೆ ಬಿದ್ದು ಅಲ್ಲಿ ಬಿರುಕು ಬಿಡುತ್ತದೆ. ಹೊಸ ಸೈಲೆನ್ಸರಿಗೂ ತಂತಿ ಕಟ್ಟಿದರೆ ಮುಂದಿನ ಸುಗ್ಗಿಗೆ ಇವರಿಂದ ನಮಗೆ ಇನ್ನೊಂದು ಪತ್ರ ಬರುವುದು ಖಂಡಿತ.

ಕೊಳವೆ ಇಳಿಸಿದಾಗ ಮೇಲಿನ ತಗಡು ಚೆನ್ನಾಗಿ ಕಾಣುತ್ತದೆ. ಒಳಗಿನ ಮ್ಯಾಟು ತೆಗೆದು, ಕೆಳಗಿನಿಂದ ದೀಪ ಹಿಡಿದು ನೋಡಿ. ಎಲ್ಲಿ ಬೆಳಕು ಕಂಡಿತೋ ಅಲ್ಲಿ ತಗಡಿನ ಕೆಲಸ ಆಗಬೇಕು. ವೆಲ್ಡಿಂಗ್ ಮಾಡುವವರಿಗೆ ಕೆಲಸ ಕೊಡಬೇಕಾದ ಜಾಗ ಇದು. ಪೆಡಲುಗಳ ಸುತ್ತಲಿನ ರಬ್ಬರು ಬಿರಿದಿದ್ದರೆ ಬದಲಿಸಿ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಇದೆ, ಹಳೆಯ ಕಾಲದ ರಬ್ಬರು ಅದಕ್ಕೆ ತಾಳುವುದಿಲ್ಲ. ಆದ್ದರಿಂದ ಪೆಟ್ರೋಲ್ ಪೈಪನ್ನೂ ಅದೇ ದಿನ ಹೊಸದು ಮಾಡಿಸಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಹೊಗೆಯ ಕೊಳವೆ ಪೆಟ್ರೋಲ್ ಪೈಪಿಗೆ 35 ಮಿಲಿಮೀಟರಿಗಿಂತ ಹತ್ತಿರ ಇರಕೂಡದು. ಹೊಗೆ ಕೆಳಮುಖವಾಗಿಯಾಗಲಿ ಎಡಗಡೆಗಾಗಲಿ ಬರಕೂಡದೆಂದೂ ಅದರಲ್ಲಿದೆ. ನಮ್ಮ ದೇಶದಲ್ಲಿ ಗಾಡಿ ರಸ್ತೆಯ ಎಡಕ್ಕೆ ಹೋಗುವುದರಿಂದ ಕಾಲುನಡಿಗೆಯವರೂ ಅಂಗಡಿ ಕಟ್ಟೆಯಲ್ಲಿ ಕೂತವರೂ ಇರುವುದು ಆ ಕಡೆಯೇ.

ಜೋಡಿಸಿದ ಮೇಲೆ ಗಾಡಿ ಚಾಲು ಮಾಡಿಸಿ, ಇನ್ನೂ ತಣ್ಣಗಿರುವಾಗಲೇ ಬಾಲದ ಪೈಪಿಗೆ ಒದ್ದೆ ಬಟ್ಟೆ ಒತ್ತಿಹಿಡಿಯಲು ಹೇಳಿ. ಎಲ್ಲಿ ಸೋರಿಕೆಯಿದೆಯೋ ಅಲ್ಲಿ ಬುಸ್ಸೆಂಬ ಸದ್ದು ಕೇಳುತ್ತದೆ. ಈ ಪರೀಕ್ಷೆ ಬಯಲಿನಲ್ಲಿ ಆಗಬೇಕು, ಮುಚ್ಚಿದ ಷೆಡ್ಡಿನಲ್ಲಿ ಅಲ್ಲ. ಮೊದಲ ದಿನ ಹೊಸ ಡಬ್ಬಿಯ ಬಣ್ಣ ಸುಟ್ಟು ವಾಸನೆ ಬರುವುದು ಸಹಜ, ಅಂದು ಒಬ್ಬರೇ ಕಿಟಕಿಗಳನ್ನೆಲ್ಲ ತೆರೆದು ಓಡಿಸಿ. ನೂರು ಕಿಲೋಮೀಟರಾದ ಮೇಲೆ ನಟ್ಟುಗಳನ್ನೆಲ್ಲ ಇನ್ನೊಮ್ಮೆ ಬಿಗಿಸಬೇಕು. ಆಮೇಲೆ ಕಾರ್ಬುರೇಟರು ಹೊಂದಿಸಿ ಹೊಗೆ ತಪಾಸಣೆ ಮಾಡಿಸಿ. ಶೇಕಡ 3 ಎಂಬುದು ಮಿತಿ ಮಾತ್ರ. ಒಳ್ಳೆಯ ಕೈಗೆ ಸಿಕ್ಕಿದರೆ ಅದಕ್ಕಿಂತ ಕೆಳಗೆ ಬರುತ್ತದೆ. ಬ್ಯಾಟರಿಯಿಂದ ನಡೆಯುವ, ಈ ಅನಿಲ ಬಂದರೆ ಕೂಗುವ ಸಣ್ಣ ಯಂತ್ರಗಳು ಪೇಟೆಯಲ್ಲಿ ಸಿಗುತ್ತವೆ. ಒಂದನ್ನು ಕೊಂಡು ಹಿಂದಿನ ಸೀಟಿನಲ್ಲಿಟ್ಟು, ದೊಡ್ಡವರೊಬ್ಬರೇ ಓಡಿಸಿಕೊಂಡು ಮಡಕಶಿರಾಕ್ಕೆ ಒಮ್ಮೆ ಹೋಗಿಬನ್ನಿ. ಅದು ಸುಮ್ಮನಿದ್ದರೆ ಮುಂದಿನ ಸಲ ಮೊಮ್ಮಕ್ಕಳನ್ನು ಕೂರಿಸಿಕೊಳ್ಳಬಹುದು.

ಕಾಗದಪತ್ರದ ಬಗ್ಗೆ ಎರಡು ಮಾತು. ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ರೂಪದಲ್ಲಿರುವ ಖಾಸಗಿ ವಾಹನಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿ ಎಂದು ಬೇರೆ ನಿಯಮ ಬಂದಿದೆ, ಆದರೆ ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. 1984ರ ಗಾಡಿಗೆ ಅದು ಅನ್ವಯಿಸುವುದೂ ಇಲ್ಲ. ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುವಾಗ ಗಾಡಿಯನ್ನು ಪರೀಕ್ಷಿಸುತ್ತಾರೆ, ತೂತು ಸೈಲೆನ್ಸರಿನೊಂದಿಗೆ ಹೋದರೆ ಹಿಂದಕ್ಕೆ ಕಳಿಸುತ್ತಾರೆ.

ಚಾತುರ್ಮಾಸದಲ್ಲಿ ಪ್ರಯಾಣ ಬಿಟ್ಟು ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವ ಮನೆಗಳಿವೆ. ಮತ್ತೆ ಚಾಲು ಮಾಡುವ ಮುನ್ನ ಬಾಲದ ಪೈಪಿನೊಳಕ್ಕೆ ಟಾರ್ಚು ಬಿಟ್ಟು ನೋಡಿ. ಕಣಜಗಳು ಅಲ್ಲಿ ಮಣ್ಣಿನ ಗೂಡು ಕಟ್ಟುತ್ತವೆ, ಇಲಿಗಳು ಮರಿ ಹಾಕುತ್ತವೆ. ಬಟ್ಟೆ ತುರುಕಿ ಮುಚ್ಚುವುದಾದರೆ ಗಾಡಿ ನಿಲ್ಲಿಸಿದ ದಿನವೇ ಮುಚ್ಚಿ, ಕೀಲಿಕೈಗೆ ಒಂದು ಚೀಟಿ ಕಟ್ಟಿಡಿ. ವಾರಕ್ಕೊಮ್ಮೆ ಐದು ನಿಮಿಷ ನಿಂತಲ್ಲೇ ಚಾಲು ಮಾಡಿ ಆರಿಸುವ ರೂಢಿ ಬೇಡ. ಅದರಿಂದ ಡಬ್ಬಿಯೊಳಗೆ ನೀರು ತುಂಬುವುದಷ್ಟೇ. ಓಡಿಸುವುದಾದರೆ ಅರ್ಧ ಗಂಟೆಯಾದರೂ ರಸ್ತೆಯ ಮೇಲೆ ಓಡಿಸಿ.

ಕುಯ್ದು ಇಳಿಸಿದ ಹಳೆಯ ಕೊಳವೆಯನ್ನು ಕೂಡಲೇ ಗುಜರಿಗೆ ಹಾಕಬೇಡಿ. ತುಂಡುಗಳನ್ನು ನೆಲದ ಮೇಲೆ ಜೋಡಿಸಿ, ಒಟ್ಟು ಉದ್ದ, ಪೈಪಿನ ಸುತ್ತಳತೆ, ಎಲ್ಲೆಲ್ಲಿ ಬಾಗಿದೆ ಎಂಬುದನ್ನು ಬರೆದಿಟ್ಟುಕೊಂಡು ಫೋಟೋ ತೆಗೆಸಿ, ಹೊಸದು ಕೂತು ನೂರು ಕಿಲೋಮೀಟರಾದ ಮೇಲೆ ಕೊಡಿ.